ಕೆಸುವಿನೆಲೆಯ ಮೇಲೆ ಎರಡು ವರ್ಷ

ಎಂ.ಟೆಕ್‌ನ ಎರಡನೇ ವರ್ಷದ ಜುಲೈನಲ್ಲಿ ಊರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹನ್ನೆರಡು ಕೆಸುವಿನೆಲೆ ಹೊತ್ತು ತಂದಿದ್ದೆ. ಒದ್ದೆ ಪೇಪರಿನಲ್ಲಿ ಸುತ್ತಿ, ಮೇಲೊಂದು ಬಾಳೆಎಲೆ, ಅದರ ಮೇಲೆ ಅಮ್ಮನ ಹಳೇ ಸೀರೆಯ ತುಂಡು. ಪಕ್ಕದ ಸೀಟಿನ ಹೆಂಗಸು ಕಟ್ಟನ್ನು ನೋಡಿ, "ಪತ್ರೊಡೆಗಾ?" ಅಂತ ಕೇಳಿದರು. "ಅಲ್ಲ, ಓದೋದಕ್ಕೆ" ಅಂದೆ. ಅವರಿಗೆ ಏನನ್ನಿಸಿತೋ, ಶಿವಮೊಗ್ಗ ದಾಟುವವರೆಗೂ ಕಾಲು ಮಡಚಿಕೊಂಡೇ ಕೂತು ನನ್ನ ಎಲೆಗಳಿಗೆ ಜಾಗ ಬಿಟ್ಟುಕೊಟ್ಟರು.

ನಾನು ಓದಿದ್ದು ಮೆಟೀರಿಯಲ್ಸ್ ಎಂಜಿನಿಯರಿಂಗ್. ಅದರೊಳಗೆ ಆರಿಸಿಕೊಂಡದ್ದು ಪ್ರಕೃತಿಯಿಂದ ಕಲಿಯುವ ವಿನ್ಯಾಸ, ಅಂದರೆ ಬಯೋಮಿಮೆಟಿಕ್ಸ್. ಬಿ.ಇ. ಮೆಕ್ಯಾನಿಕಲ್ ಮುಗಿಸಿ, ಗೇಟ್ ಪ್ರವೇಶ ಪರೀಕ್ಷೆ ಬರೆದು ಸೇರಿದ್ದೆ. ಅಪ್ಪ ಒಂದು ದಿನ ತೋಟದಿಂದ ಬಂದವರು ಕಟ್ಟೆಯ ಮೇಲೆ ಕೂತು, "ಎಂತದೇ ಅದು ನೀನು ಓದೋದು?" ಅಂತ ಕೇಳಿದರು.

"ಕೆಸುವಿನೆಲೆ ಮೇಲೆ ನೀರು ಯಾಕೆ ಅಂಟಲ್ಲ ಅಂತ."

"ಅದಕ್ಕೆ ದುಡ್ಡು ಕೊಡ್ತಾರಾ?"

"ತಿಂಗಳಿಗೆ 12,400."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಓದು" ಅಂದರು. ಒಳಗೆ ಹೋಗುವ ಮುಂಚೆ ಮತ್ತೊಂದು ಮಾತು ಸೇರಿಸಿದರು: "ನಮ್ಮದು ಅಂಟಿಸೋ ಕಷ್ಟ, ನಿನ್ನದು ಅಂಟದ ಹಾಗೆ ಮಾಡೋ ಕಷ್ಟ." ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಸುರಿಯುವ ಮಳೆಯಲ್ಲಿ ಅದು ಕಾಯಿಯ ಮೇಲೆ ನಿಲ್ಲಲಿ ಅಂತ ರಾಳ ಹಾಕುತ್ತೇವೆ. ಅಡಿಕೆ ಕಾಯಿ, ಕೆಸುವಿನೆಲೆ ಎರಡರ ಮೈಗೂ ಮೇಣ ಇದೆ. ಒಂದರ ಮೇಣವನ್ನು ಸೋಲಿಸಲು ಅಪ್ಪ ಪ್ರತಿ ಮಳೆಗಾಲ ಒದ್ದಾಡುತ್ತಾರೆ. ಇನ್ನೊಂದರ ಮೇಣದ ಹಾಗೆ ಮಾಡಲು ನಾನು ಎರಡು ವರ್ಷ ಒದ್ದಾಡಿದೆ.

ಮೊದಲ ಸೆಮಿಸ್ಟರಿನಲ್ಲಿ ಈ ವಿಷಯ ಬರೀ ಕತೆಗಳ ಕಣಜದಂತೆ ಕಾಣುತ್ತಿತ್ತು. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ 1941ರಲ್ಲಿ ನಾಯಿ ಜೊತೆ ಬೆಟ್ಟ ಸುತ್ತಿ ಬಂದಾಗ ಬಟ್ಟೆಗೆ ಅಂಟಿದ ಮುಳ್ಳುಬೀಜ ನೋಡಿ ವೆಲ್ಕ್ರೋ ಮಾಡಿದ್ದು. (ನಮ್ಮೂರಿನಲ್ಲಿ ಪಂಚೆಗೆ ಉತ್ತರಾಣಿ ಅಂಟಿಸಿಕೊಂಡು ಬಾರದವರೇ ಇಲ್ಲ. ಯಾರೂ ಭೂತಗನ್ನಡಿ ಹಿಡಿದು ನೋಡಲಿಲ್ಲ, ಅಷ್ಟೇ.) ಜಪಾನಿನ ಬುಲೆಟ್ ರೈಲಿನ ಮೂತಿಯನ್ನು ಮಿಂಚುಳ್ಳಿಯ ಕೊಕ್ಕಿನ ಹಾಗೆ ಮಾಡಿದ್ದು. ಹಲ್ಲಿಯ ಪಾದದ ಲಕ್ಷಾಂತರ ಸೂಕ್ಷ್ಮ ಕೂದಲು ಅಂಟೇ ಇಲ್ಲದೆ ಗೋಡೆ ಹಿಡಿಯುವುದು. ಸೆಮಿನಾರ್ ಅಂದರೆ ಇಂಥ ನಾಲ್ಕು ಸ್ಲೈಡು, ಕೊನೆಗೆ ಒಂದು ಚಪ್ಪಾಳೆ.

ನಮ್ಮ ಗೈಡ್‌ಗೆ ಈ ಕತೆಗಳೆಂದರೆ ಅಲರ್ಜಿ. ನಾನು ಹರಾರೆಯ ಈಸ್ಟ್‌ಗೇಟ್ ಕಟ್ಟಡದ ಬಗ್ಗೆ ಸೆಮಿನಾರ್ ಕೊಟ್ಟ ದಿನ ಅದು ಗೊತ್ತಾಯಿತು. ಜಿಂಬಾಬ್ವೆಯ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ವಿನ್ಯಾಸ ಮಾಡಿ 1996ರಲ್ಲಿ ತೆರೆದ ಈ ಕಟ್ಟಡಕ್ಕೆ ಮಾಮೂಲಿ ಏಸಿ ವ್ಯವಸ್ಥೆ ಇಲ್ಲ. ಗೆದ್ದಲು ಹುತ್ತದ ಹಾಗೆ ಬಿಸಿಗಾಳಿ ಚಿಮಣಿಯಲ್ಲಿ ಮೇಲೆ ಹೋಗುತ್ತದೆ, ತಣ್ಣನೆ ಗಾಳಿ ಕೆಳಗಿನಿಂದ ಬರುತ್ತದೆ ಅಂತ ನಾನು ಬಾಣದ ಗುರುತು ಹಾಕಿ ತೋರಿಸಿದೆ. ಸರ್ ಕೇಳಿದ್ದು ಒಂದೇ ಪ್ರಶ್ನೆ: "ಹುತ್ತದಲ್ಲಿ ಹಾಗಾಗುತ್ತೆ ಅಂತ ಅಳೆದು ನೋಡಿದವರು ಯಾರು?"

ಹುಡುಕುತ್ತಾ ಹೋದೆ. ಬೆಂಕಿಯ ಚಿಮಣಿಯಂತೆ ಹುತ್ತ ಕೆಲಸ ಮಾಡುತ್ತದೆ ಎಂಬ ವಿವರಣೆ 1961ರಲ್ಲಿ ಲ್ಯೂಷರ್ ಎಂಬ ವಿಜ್ಞಾನಿ ಕೊಟ್ಟದ್ದು. ಆಮೇಲೆ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ಆಫ್ರಿಕಾದ ಹುತ್ತಗಳೊಳಗೆ ಅಳೆದು ನೋಡಿ, ಆ ಚಿತ್ರ ಸರಿಯಿಲ್ಲ, ಹುತ್ತದ ಮುಖ್ಯ ಕೆಲಸ ತಂಪು ಮಾಡುವುದಲ್ಲ, ಉಸಿರಾಡುವುದು ಅಂತ 2008ರಲ್ಲಿ ಬರೆದರು. 2015ರಲ್ಲಿ ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಒಕ್ಕೊ ಮತ್ತು ಎಲ್. ಮಹಾದೇವನ್ ನಮ್ಮ ದಕ್ಷಿಣ ಭಾರತದಲ್ಲೇ ಇರುವ ಓಡಾಂಟೋಟರ್ಮಿಸ್ ಒಬೀಸಸ್ ಎಂಬ ಗೆದ್ದಲಿನ ಹುತ್ತದ ಮೇಲೆ ಕೆಲಸ ಮಾಡಿ ತೋರಿಸಿದ್ದು ಇನ್ನೂ ಚೆನ್ನಾಗಿದೆ. ಹುತ್ತದ ಹೊರಗಿನ ತೆಳು ಮಡಿಕೆಗಳು ಹಗಲು ಬೇಗ ಕಾಯುತ್ತವೆ, ನಡುವಿನ ಕೊಳವೆ ತಣ್ಣಗೇ ಇರುತ್ತದೆ. ಹೀಗಾಗಿ ಗಾಳಿ ಅಂಚಿನಲ್ಲಿ ಮೇಲೇರಿ ನಡುವೆ ಇಳಿಯುತ್ತದೆ. ರಾತ್ರಿ ಅಂಚು ಮೊದಲು ಆರುತ್ತದೆ, ಗಾಳಿ ತಿರುಗಿ ಹರಿಯುತ್ತದೆ. ದಿನಕ್ಕೊಂದು ಉಸಿರು. ಆ ಉಸಿರಿನಲ್ಲಿ ಒಳಗಿನ ಇಂಗಾಲದ ಡೈಆಕ್ಸೈಡ್ ಗೋಡೆಯ ಸಣ್ಣ ರಂಧ್ರಗಳ ಮೂಲಕ ಹೊರಗೆ ಹೋಗುತ್ತದೆ.

ಅಂದರೆ ಹರಾರೆಯ ಕಟ್ಟಡ ತಂಪಾಗಿರುವುದು ನಿಜ, ಅದಕ್ಕೆ ಸ್ಫೂರ್ತಿ ಕೊಟ್ಟ ಕತೆ ಅಷ್ಟು ನಿಜವಲ್ಲ. ತಪ್ಪು ತಿಳಿದುಕೊಂಡು ಒಳ್ಳೆಯದನ್ನೇ ಕಟ್ಟಿದರು. ನನಗೆ ಇದು ಇವತ್ತಿಗೂ ತಮಾಷೆಯಾಗಿ ಕಾಣುತ್ತದೆ. ಆ ದಿನ ಮಾತ್ರ ಅಳು ಬಂದಿತ್ತು.

ಹುತ್ತದ ಹುಚ್ಚು ಹಿಡಿದದ್ದು ಅಲ್ಲಿಂದ. ನಾಗರಪಂಚಮಿಗೆ ಹಾಲೆರೆದು ಕೈಮುಗಿದು ಬರುತ್ತಿದ್ದ ಹುತ್ತ, "ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ" ಅಂತ ಗಾದೆಯಲ್ಲಿ ಬರುವ ಹುತ್ತ, ಅಜ್ಜಿ ಒಲೆ ಹಾಕಲು ಮಣ್ಣು ತರಿಸುತ್ತಿದ್ದ ಹುತ್ತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವವಿಜ್ಞಾನದ ರೆನೀ ಬೊರ್ಜಸ್ ಮತ್ತು ಸಿವಿಲ್ ಎಂಜಿನಿಯರಿಂಗ್‌ನ ತೇಜಸ್ ಮೂರ್ತಿ ಅವರ ತಂಡಗಳು ಸೇರಿ ಇದೇ ಗೆದ್ದಲಿನ ಮೇಲೆ ಮಾಡಿದ ಕೆಲಸ ಓದಿದೆ. ಗೆದ್ದಲು ಒದ್ದೆ ಮಣ್ಣನ್ನು ಉಂಡೆ ಮಾಡಿ ತಂದು ಒತ್ತುತ್ತದೆ. ಉಂಡೆ ಎರಡು ಅಳತೆಯವು, ದೊಡ್ಡದು ಮತ್ತು ಸಣ್ಣದು. ದೊಡ್ಡ ಉಂಡೆಗಳ ಸಂದಿಗೆ ಸಣ್ಣವು ಕೂರುವುದರಿಂದ ಗೋಡೆ ಒತ್ತಾಗುತ್ತದೆ. ಕಾಂಕ್ರೀಟಿಗೆ ಜಲ್ಲಿ, ಮರಳು ಬೆರೆಸುವವರಿಗೆ ಇದು ಹೊಸದಲ್ಲ. ಮಣ್ಣಿಗೆ ಗೆದ್ದಲಿನ ಸ್ರಾವ ಸೇರಿದ ಮೇಲೆ ಅದರ ಬಲ ಪಕ್ಕದ ಬರೀ ಮಣ್ಣಿನ ಹತ್ತು ಪಟ್ಟಿನಷ್ಟಾಗುತ್ತದೆ. ಅಜ್ಜಿ ಎದುರಿನ ದರೆಯ ಮಣ್ಣು ಬಿಟ್ಟು ಹುತ್ತದ ಮಣ್ಣನ್ನೇ ಯಾಕೆ ಕೇಳುತ್ತಿದ್ದಳು ಅನ್ನುವುದಕ್ಕೆ ಉತ್ತರ ಒಂದು ಗ್ರಾಫಿನಲ್ಲಿ ಸಿಕ್ಕಿತು. ಅದನ್ನು ನೋಡಲು ಅಜ್ಜಿ ಇರಲಿಲ್ಲ.

ಅದೇ ಸಂಸ್ಥೆಯ ನಮ್ರತಾ ಗುಂಡಯ್ಯ ಅವರ ಪ್ರಯೋಗಾಲಯದಿಂದ 2014ರಲ್ಲಿ ಬಂದ ಒಂದು ಪ್ರಬಂಧ ಅತ್ತಿಹಣ್ಣಿನ ಕಣಜ ಎಂಬ ಹುಳುವಿನ ಬಗ್ಗೆ. ಅತ್ತಿಹಣ್ಣು ಒಡೆದರೆ ಹುಳ ಅಂತ ಗಾದೆ ಹೇಳುವ ನಮಗೆ, ಆ ಹುಳ ಒಳಗೆ ಹೋದದ್ದು ಹೇಗೆ ಅನ್ನುವ ಪ್ರಶ್ನೆ ಬಂದಿರಲಿಲ್ಲ. ಪರಾವಲಂಬಿ ಕಣಜವೊಂದು ಗಟ್ಟಿ ಅತ್ತಿಕಾಯಿಯನ್ನು ಹೊರಗಿನಿಂದಲೇ ಕೊರೆದು ಮೊಟ್ಟೆ ಇಡುತ್ತದೆ. ಕೊರೆಯುವ ಸೂಜಿ ಕೂದಲಿಗಿಂತ ಸಣ್ಣದು, ಅದರ ತುದಿಯಲ್ಲಿ ಸತು ಇದೆ. ಲೋಹದ ತುದಿ ಹಾಕಿದ ಡ್ರಿಲ್ ಬಿಟ್, ಕುಲುಮೆ ಇಲ್ಲದೆ ಮಾಡಿದ್ದು.

ಈ ಓದಿನಲ್ಲಿ ನನಗೆ ನಿಜವಾಗಿ ಕಷ್ಟವಾದದ್ದು ಪದಗಳು. ಮೆಟೀರಿಯಲ್ಸ್‌ನವರಿಗೆ ಸ್ಟ್ರೆಂತ್ ಬೇರೆ, ಹಾರ್ಡ್‌ನೆಸ್ ಬೇರೆ, ಸ್ಟಿಫ್‌ನೆಸ್ ಬೇರೆ, ಟಫ್‌ನೆಸ್ ಬೇರೆ. ನನ್ನ ತಲೆಯೊಳಗೆ ನಾಲ್ಕೂ "ಗಟ್ಟಿ". ಕೊನೆಗೆ ಅಪ್ಪನ ಬಾಯಿಂದಲೇ ಬಿಡಿಸಿಕೊಂಡೆ. ಒಣಗಿದ ಸೋಗೆಯ ದಿಂಡು "ಪೆಡಸು", ಬಗ್ಗಿಸಿದರೆ ಲಟ್ಟೆನ್ನುತ್ತದೆ. ಹಳೇ ಬಗನೆ ಮರ "ಗಡಸು", ಕತ್ತಿಯ ಬಾಯಿ ಹೋಗುತ್ತದೆ. ದೋಟಿಗೆ ಬೇಕಾದ ಬಿದಿರಿಗೆ "ಜಿಗಿ" ಇರಬೇಕು: ಬಗ್ಗಬೇಕು, ಸೀಳಬೇಕು, ಆದರೂ ಒಮ್ಮೆಲೇ ಮುರಿದು ತಲೆ ಮೇಲೆ ಬೀಳಬಾರದು. ಟಫ್‌ನೆಸ್ ಅಂದರೆ ಜಿಗಿ ಅಂತ ನೋಟ್ಸಿನ ಅಂಚಿನಲ್ಲಿ ಬರೆದುಕೊಂಡ ಮೇಲೆ ಆ ಅಧ್ಯಾಯ ಹೂ ಎತ್ತಿದಂತಾಯಿತು.

ಜಿಗಿಗೆ ದೊಡ್ಡ ಉದಾಹರಣೆ ಕಪ್ಪೆಚಿಪ್ಪಿನ ಒಳಮೈ, ಮುತ್ತಿನ ಹೊಳಪಿನ ಪದರ. ಅದರಲ್ಲಿ ಸುಮಾರು 95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದ ಸಂಬಂಧಿ. ಉಳಿದ ಐದು ಭಾಗ ಪ್ರೊಟೀನಿನಂಥ ಅಂಟು. ಅರ್ಧ ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಬಿಲ್ಲೆಗಳನ್ನು ಇಟ್ಟಿಗೆಯಂತೆ ಜೋಡಿಸಿ ನಡುವೆ ಈ ಅಂಟು ಸವರಿದೆ. ಬಿರುಕು ನೇರ ಹೋಗಲಾರದೆ ಬಿಲ್ಲೆಯಿಂದ ಬಿಲ್ಲೆಗೆ ಸುತ್ತಿ ಸುತ್ತಿ ಸುಸ್ತಾಗುತ್ತದೆ. ನಮ್ಮ ಲ್ಯಾಬಿನಲ್ಲಿ ಸೆರಾಮಿಕ್ ಬೇಯಿಸಲು ಕುಲುಮೆ ಸಾವಿರ ಡಿಗ್ರಿ ದಾಟಬೇಕು. ಕಪ್ಪೆಚಿಪ್ಪು ಸಮುದ್ರದ ನೀರಿನ ಬಿಸಿಯಲ್ಲೇ ಕೆಲಸ ಮುಗಿಸುತ್ತದೆ. ಇದರ ಬಗ್ಗೆ ಇನ್ನೂ ಬರೆಯಬಹುದು, ಆದರೆ ನನ್ನ ಎಲೆಗಳು ಬಾಡುತ್ತಿವೆ.

ಎಲೆಯ ಭೌತಶಾಸ್ತ್ರ ಹೀಗಿದೆ. ಹನಿ ಮತ್ತು ಮೇಲ್ಮೈ ಸೇರುವ ಜಾಗದ ಕೋನ ಅಳೆಯುತ್ತೇವೆ. ತೊಳೆದ ಗಾಜಿನ ಮೇಲೆ ನೀರು ಹರಡಿಕೊಳ್ಳುತ್ತದೆ, ಕೋನ ಸಣ್ಣದು. 90 ಡಿಗ್ರಿ ದಾಟಿದರೆ ಆ ಮೇಲ್ಮೈ ನೀರನ್ನು ಒಲ್ಲದು. 150 ದಾಟಿದರೆ ಹನಿ ಮುತ್ತಾಗಿ ಉರುಳುತ್ತದೆ. ನುಣುಪಾದ ಮೈಗೆ ಯಾವ ರಾಸಾಯನಿಕ ಬಳಿದರೂ 120ರ ಆಚೆ ಹೋಗುವುದು ಕಷ್ಟ. ಉಳಿದ 30 ಡಿಗ್ರಿ ಬರುವುದು ಒರಟುತನದಿಂದ. ಎಲೆಯ ಮೇಲೆ ಹತ್ತಿಪ್ಪತ್ತು ಮೈಕ್ರಾನಿನ ಗುಬ್ಬಿಗಳಿವೆ, ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳು. ಹನಿ ಗುಬ್ಬಿಗಳ ತುದಿಯಲ್ಲಿ ಕೂರುತ್ತದೆ, ಕೆಳಗೆ ಗಾಳಿ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಹನಿ ತನ್ನದೇ ಹಬೆಯ ಮೇಲೆ ಕುಣಿಯುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ, ಬೆಂಕಿ ಮಾತ್ರ ಇಲ್ಲ. ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಈ ಲೆಕ್ಕವನ್ನು 1944ರಲ್ಲೇ ಬರೆದಿಟ್ಟಿದ್ದರು. ಎಲೆಗೂ ಆ ಲೆಕ್ಕಕ್ಕೂ ನಂಟು ಗಟ್ಟಿಯಾದದ್ದು ಬಾನ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಬಾರ್ಥ್‌ಲಾಟ್ ಅವರಿಂದ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಇಡುವ ಮೊದಲು ಎಲೆಗಳನ್ನು ತೊಳೆಯಬೇಕಿತ್ತು. ಕೆಲವು ಎಲೆಗಳಿಗೆ ಮಾತ್ರ ತೊಳೆಯುವ ಅಗತ್ಯವೇ ಬೀಳುತ್ತಿರಲಿಲ್ಲ, ಅವೇ ಒರಟು ಎಲೆಗಳು. ಅವರು ಮತ್ತು ನೈನ್‌ಹೌಸ್ ಸೇರಿ 1997ರಲ್ಲಿ ತಾವರೆಯ ಬಗ್ಗೆ ಪ್ರಬಂಧ ಬರೆದರು. ಎರಡೇ ವರ್ಷದಲ್ಲಿ ಆ ಹೆಸರಿನ ಗೋಡೆಯ ಬಣ್ಣ ಮಾರುಕಟ್ಟೆಗೆ ಬಂತು. ತಾವರೆ ಎಲೆಯ ಮೇಲಿನ ನೀರನ್ನು ನಾವು ವೈರಾಗ್ಯಕ್ಕೆ ಉಪಮೆ ಮಾಡಿಕೊಂಡೆವು, ಅವರು ಬಣ್ಣ ಮಾಡಿಕೊಂಡರು. ನಮ್ಮದೇನೂ ಕಡಿಮೆಯಲ್ಲ ಬಿಡಿ.

ನನ್ನ ಹನ್ನೆರಡು ಎಲೆಗಳಲ್ಲಿ ಬೆಂಗಳೂರು ತಲುಪಿದಾಗ ಸರಿಯಾಗಿದ್ದವು ನಾಲ್ಕು. ಬೆರಳು ತಾಗಿದಲ್ಲೆಲ್ಲ ಮೇಣ ಅಳಿಸಿ, ಬೆರಳಚ್ಚಿನ ಆಕಾರದಲ್ಲಿ ನೀರು ಅಂಟುತ್ತಿತ್ತು. ಸೂಕ್ಷ್ಮದರ್ಶಕಕ್ಕೆ ಒಂದು ಗಂಟೆಯ ಸ್ಲಾಟ್ ಸಿಗಲು ಎರಡು ವಾರ ಕಾದಿದ್ದೆ. ಎಲೆಯ ಚೂರಿಗೆ ತೆಳುವಾಗಿ ಚಿನ್ನ ಲೇಪಿಸಿ, ನಿರ್ವಾತದೊಳಗೆ ಇಟ್ಟು, ಪರದೆ ನೋಡಿದರೆ ಗುಬ್ಬಿಗಳಿಲ್ಲ. ಇದ್ದದ್ದು ಗಾಳಿ ಹೋದ ಬಲೂನಿನಂತೆ ಕುಸಿದ, ಸುಕ್ಕುಗಟ್ಟಿದ ಚರ್ಮ. ನಿರ್ವಾತ ಎಲೆಯೊಳಗಿನ ನೀರನ್ನೆಲ್ಲ ಹೀರಿತ್ತು. ಸರ್ ಹಿಂದೆ ನಿಂತು ನೋಡಿದರು. "ಎಲೆ ಅಂದುಕೊಂಡಿದ್ದೀರಾ? ಇದು ಎಲೆಯ ಹೆಣ" ಅಂದರು. ಬೈಗುಳವೇನಲ್ಲ, ಮಾಹಿತಿ ಕೊಡುವ ಧಾಟಿಯಲ್ಲೇ ಹೇಳಿದ್ದು. ಆದರೆ ಆ ಮಾತು ಬಿಡಲಿಲ್ಲ. ನಾವು ಪುಸ್ತಕದಲ್ಲಿ ನೋಡುವ ಚಿತ್ರಗಳೆಲ್ಲ ಒಣಗಿಸಿದ, ಚಿನ್ನ ಬಳಿದ, ಅಲುಗದ ವಸ್ತುಗಳವು. ಅವನ್ನೇ ನೋಡಿ ಆಕಾರವನ್ನು ನಕಲು ಮಾಡುತ್ತೇವೆ.

ನಾನೂ ಮಾಡಿದೆ. ಹಸಿ ಎಲೆಯ ಮೇಲೆ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆದೆ, ಆ ಅಚ್ಚಿನಿಂದ ಮತ್ತೊಂದು ಅಚ್ಚು. ಗುಬ್ಬಿಗಳು ಚೆನ್ನಾಗಿಯೇ ಮೂಡಿದವು. ಕೋನ 138. ಮೇಣದ ಹರಳಿನ ಒರಟು ಅಚ್ಚಿಗೆ ಬಂದಿರಲಿಲ್ಲ, ಅದಕ್ಕೆ ಸಿಲಿಕಾದ ನ್ಯಾನೊ ಪುಡಿ, ಮೇಲೆ ಫ್ಲೋರಿನ್ ಇರುವ ಸಿಲೇನ್ ಎಂಬ ರಾಸಾಯನಿಕ. 156! ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಗೋಬಿ ಮಂಚೂರಿ ನನ್ನ ಲೆಕ್ಕದಲ್ಲಿ. ಮರುದಿನ ಉಜ್ಜುವ ಪರೀಕ್ಷೆ: ನೂರು ಗ್ರಾಂ ತೂಕದ ಕೆಳಗೆ ಮಾದರಿ ಇಟ್ಟು ಮರಳು ಕಾಗದದ ಮೇಲೆ ಎಳೆಯುವುದು. ಐದು ಸಲ ಎಳೆಯುವಷ್ಟರಲ್ಲಿ ಎಲ್ಲ ಹೋಗಿ ಕೋನ 120ಕ್ಕೆ ಇಳಿದಿತ್ತು. ಇನ್ನೊಂದು ಮುಜುಗರ ಸಹಪಾಠಿಯೊಬ್ಬಳು ತೋರಿಸಿದ್ದು. ಇಂಥ ಫ್ಲೋರಿನ್ ಸಂಯುಕ್ತಗಳು ಮಣ್ಣು, ನೀರಿನಲ್ಲಿ ಒಡೆಯದೆ ಕೊಳೆಯದೆ ಉಳಿಯುತ್ತವೆ ಅಂತ ಜಗತ್ತೆಲ್ಲ ತಲೆ ಕೆಡಿಸಿಕೊಂಡಿದೆ. ಕೆಸು ಬರೀ ಇಂಗಾಲ, ಜಲಜನಕ, ಒಂದಿಷ್ಟು ಆಮ್ಲಜನಕದಿಂದ ಮಾಡುವುದನ್ನು ನಾನು ಅಂಥ ವಿಷದಿಂದ ಮಾಡಿ "ಪ್ರಕೃತಿಪ್ರೇರಿತ" ಅಂತ ಹಣೆಪಟ್ಟಿ ಹಚ್ಚಿದ್ದೆ.

ಆ ವರ್ಷ ಮಳೆಗಾಲದಲ್ಲಿ ಮತ್ತೆ ಊರಿಗೆ ಹೋದಾಗ ಬಚ್ಚಲ ಹಿಂದಿನ ಕೆಸುವಿನ ಹಿಂಡಿನ ಎದುರು ಕೊಡೆ ಹಿಡಿದು ಕೂತು ನೋಡಿದೆ. ಹೊಸ ಎಲೆ ಸುರುಳಿ ಬಿಚ್ಚುತ್ತಿತ್ತು, ಹನಿ ಬಿದ್ದರೆ ಚಿಮ್ಮಿ ಹೋಗುತ್ತಿತ್ತು. ನಡುವಯಸ್ಸಿನ ಎಲೆಗೆ ಬಸವನಹುಳು ಹರಿದ ಗೆರೆ ಇತ್ತು, ಆ ಗೆರೆಯಲ್ಲಿ ನೀರು ನಿಂತಿತ್ತು. ಎರಡು ದಿನ ಬಿಟ್ಟು ನೋಡಿದರೆ ಗೆರೆ ಮಾಸಿತ್ತು. ಕೆಳಗಿನ ಹಳದಿ ತಿರುಗಿದ ಎಲೆಯ ಮೇಲೆ ನೀರು ಹರಡಿ ಅಂಟಿಕೊಂಡೇ ಇತ್ತು. ಗಿಡ ಅದರ ಕೈಬಿಟ್ಟಿತ್ತು. ಎಲೆಯ ಗುಣ ಗುಬ್ಬಿಯಲ್ಲೂ ಇಲ್ಲ, ಮೇಣದಲ್ಲೂ ಇಲ್ಲ, ಅಳಿಸಿದಂತೆಲ್ಲ ಮೇಣ ಒಸರುವ ಜೀವದಲ್ಲಿದೆ ಅಂತ ನನಗೆ ಹೊಳೆದದ್ದು ಅಲ್ಲಿ, ಬಚ್ಚಲ ಹೊಗೆಯ ನಡುವೆ. ಹುತ್ತವೂ ಅಷ್ಟೇ. ಮಳೆ ಕೊರೆದ ಕಡೆ ಬೆಳಗಾಗುವಷ್ಟರಲ್ಲಿ ಹಸಿ ಮಣ್ಣಿನ ತೇಪೆ ಇರುತ್ತದೆ. ಗೆದ್ದಲು ಬಿಟ್ಟುಹೋದ ಹುತ್ತ ಕರಗುತ್ತಾ ಹೋಗುತ್ತದೆ. ನಮ್ಮ ಮೂಳೆಯೂ ಅಷ್ಟೇ, ವರ್ಷಕ್ಕೆ ಹತ್ತರಲ್ಲೊಂದು ಭಾಗದಷ್ಟು ಕರಗಿ ಹೊಸದಾಗುತ್ತಿರುತ್ತದೆ. ನಾವು ಮಾತ್ರ ಒಂದು ಸಲ ಬಳಿದು ಹತ್ತು ವರ್ಷ ಗ್ಯಾರಂಟಿ ಕೇಳುತ್ತೇವೆ.

ಈ ದಿಕ್ಕಿನಲ್ಲಿ ಕೆಲಸ ನಡೆದೇ ಇದೆ, ನಾನು ತಡವಾಗಿ ಓದಿದೆ ಅಷ್ಟೇ. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಹೆಂಕ್ ಯೊಂಕರ್ಸ್ ಕಾಂಕ್ರೀಟಿನೊಳಗೆ ಬ್ಯಾಕ್ಟೀರಿಯಾ ಮಲಗಿಸಿಟ್ಟು, ಬಿರುಕಿಗೆ ನೀರು ಇಳಿದಾಗ ಅವು ಎದ್ದು ಸುಣ್ಣ ಕಟ್ಟುವಂತೆ ಮಾಡಿದರು. ನಮ್ಮ ವಿಜ್ಞಾನ ಸಂಸ್ಥೆಯಲ್ಲಿ ಆಲೋಕ್ ಕುಮಾರ್ ಮತ್ತು ಸಂಗಡಿಗರು ಇಸ್ರೋ ಜೊತೆ ಸೇರಿ, ಚಂದ್ರನ ಮಣ್ಣಿನಂಥ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆ ಮಾಡಿದ್ದು 2020ರ ಸುದ್ದಿ. ಚಂದ್ರನ ಮೇಲೆ ಮನೆ ಕಟ್ಟಲು ಗೋರಿಕಾಯಿ! ಅಮ್ಮನಿಗೆ ಹೇಳಿದರೆ, "ಪಲ್ಯಕ್ಕೇ ಸಿಗ್ತಿಲ್ಲ ಮಾರಾಯ್ತಿ" ಅಂದಳು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು 156 ಡಿಗ್ರಿಯ ಪುಟ ತಿರುಗಿಸಿ ನೇರ ಕೇಳಿದರು: "ಎಷ್ಟು ಬಾಳಿಕೆ ಬರುತ್ತಮ್ಮಾ ಇದು?"

"ಐದು ಸಲ ಉಜ್ಜುವವರೆಗೆ, ಸರ್."

"ಕೆಸುವಿನೆಲೆ?"

"ತಿಂಗಳು, ಒಂದೂವರೆ ತಿಂಗಳು. ಆಮೇಲೆ ಗಿಡ ಬೇರೆ ಎಲೆ ಬಿಡುತ್ತೆ."

"ಅದನ್ನು ಥೀಸಿಸ್‌ನಲ್ಲಿ ಬರೆದಿದ್ದೀರಾ?"

ಬರೆದಿರಲಿಲ್ಲ. ಬಸವನಹುಳುವಿನ ಗೆರೆ ಯಾವ ಅಧ್ಯಾಯಕ್ಕೂ ಹೊಂದಿರಲಿಲ್ಲ. ಅವರು ನಕ್ಕು, ಪೆನ್ನಿನಲ್ಲಿ ಏನೋ ಗುರುತು ಹಾಕಿ, ಪಾಸು ಮಾಡಿದರು.

ಕೆಲಸ ಹುಡುಕುವಾಗ ಯಾರೂ ಎಲೆಯ ಬಗ್ಗೆ ಕೇಳಲಿಲ್ಲ. "ಅನ್ಸಿಸ್ ಸಾಫ್ಟ್‌ವೇರ್ ಬರುತ್ತಾ?" ಅಂತ ಕೇಳಿದರು. ಬರುತ್ತಿತ್ತು. ಈಗ ಲೇಪನ ತಯಾರಿಸುವ ಕಡೆ ಇದ್ದೇನೆ, ದಿನವಿಡೀ ಅಂಟುವುದು, ಅಂಟದಿರುವುದು, ಸಿಪ್ಪೆ ಏಳುವುದು. ಇದೇ ಓದಿಗೆ ಸೇರಬೇಕೆನ್ನುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಸೇರಿ ಅನ್ನುತ್ತೇನೆ. ಸಂಖ್ಯಾಶಾಸ್ತ್ರ ಚೆನ್ನಾಗಿ ಕಲಿಯಿರಿ ಅಂತಲೂ ಅನ್ನುತ್ತೇನೆ. ಉಕ್ಕಿನ ಹತ್ತು ಮಾದರಿ ಅಳೆದರೆ ಹತ್ತೂ ಹತ್ತಿರ ಹತ್ತಿರ ಬರುತ್ತವೆ. ಒಂದೇ ಗಿಡದ ಎರಡು ಎಲೆ, ಒಂದೇ ಎಲೆಯ ಎರಡು ಮೂಲೆ ಬೇರೆ ಬೇರೆ ಲೆಕ್ಕ ಕೊಡುತ್ತವೆ. ಅದನ್ನು ತಪ್ಪು ಅಂದುಕೊಂಡು ಮೊದಲ ಮೂರು ತಿಂಗಳು ಕೋನ ಅಳೆಯುವ ಗೋನಿಯೋಮೀಟರನ್ನು ಬೈದವಳು ನಾನು.

ಥೀಸಿಸ್ಸಿನ ಒಂದು ಮಾದರಿ, ಅಂಗೈಯಗಲದ್ದು, ಉಳಿದಿತ್ತು. ಅದನ್ನು ಊರಿಗೆ ಒಯ್ದು, ಕೆಸುವಿನ ಪಕ್ಕದ ಕಲ್ಲುಕಂಬಕ್ಕೆ ತಂತಿಯಲ್ಲಿ ಕಟ್ಟಿ ಬಂದಿದ್ದೆ. ಮೊದಲ ಮಳೆಗಾಲ ಕಳೆದು ಅಪ್ಪ ಫೋನಿನಲ್ಲಿ, ಅಡಿಕೆ ರೇಟು, ಮಂಗನ ಕಾಟ ಎಲ್ಲ ಹೇಳಿ ಮುಗಿಸಿ, "ನಿನ್ನ ಎಲೆಗೆ ಹಾವಸೆ ಹತ್ತಿದೆ. ತಿಕ್ಕಿ ತೊಳೆದಿಡ್ಲಾ?" ಅಂತ ಕೇಳಿದರು.

"ಬೇಡ ಅಪ್ಪ, ಹಾಗೇ ಇರಲಿ. ಯಾವ ಕಡೆಯಿಂದ ಹತ್ತಿದೆ ನೋಡಿ ಹೇಳಿ."

"ಕೆಳಗಿಂದ" ಅಂದರು. ಆಮೇಲೆ ಚಪ್ಪಲಿಯ ಸದ್ದು, ಮಳೆಯ ಸದ್ದು. "ಅಲ್ಲ ಕಾಣು, ನೀನು ಕೈ ಹಿಡ್ದಿದ್ಯಲ್ಲ, ಆ ಹೆಬ್ಬೆಟ್ಟಿನ ಗುರ್ತಿಂದ."